ಲಿವರ್ ರಿಪೋರ್ಟನ್ನು ಕಂಪ್ಯೂಟರ್ ಹೇಗೆ ಓದುತ್ತೆ, ಎಲ್ಲಿ ಎಡವುತ್ತೆ?

[ಪರದೆ: ಲ್ಯಾಬ್ ರಿಪೋರ್ಟ್. ನಾಲ್ಕು ಸಾಲುಗಳ ಸುತ್ತ ಕೆಂಪು ಗೆರೆ]

ನಮಸ್ಕಾರ. ಈ ರಿಪೋರ್ಟಿನಲ್ಲಿ ನಾಲ್ಕೇ ನಾಲ್ಕು ಸಂಖ್ಯೆ ನೋಡಿ. ವಯಸ್ಸು 52. ಎಸ್‌ಜಿಒಟಿ 68. ಎಸ್‌ಜಿಪಿಟಿ 49. ಪ್ಲೇಟ್‌ಲೆಟ್ 1.4 ಲಕ್ಷ. ಎಸ್‌ಜಿಒಟಿ, ಎಸ್‌ಜಿಪಿಟಿ ಅಂದರೆ ಲಿವರ್ ಕೋಶಗಳಿಗೆ ಪೆಟ್ಟಾದಾಗ ರಕ್ತಕ್ಕೆ ಸೋರುವ ಕಿಣ್ವಗಳು. ಕಾಮಾಲೆಯಲ್ಲಿ ಏರುವ ಬಿಲಿರುಬಿನ್ ನಾರ್ಮಲ್, ಕಣ್ಣು ಹಳದಿಯಾಗಿಲ್ಲ, ನೋವಿಲ್ಲ. ಸ್ಕ್ಯಾನಿಂಗಿನಲ್ಲಿ ಫ್ಯಾಟಿ ಲಿವರ್ ಅಂತ ಬರೆದಿದ್ದಾರೆ. ‘ಸ್ವಲ್ಪ ಜಾಸ್ತಿ ಇದೆ, ಎಣ್ಣೆ ಪದಾರ್ಥ ಕಮ್ಮಿ ಮಾಡಿ’ ಅಂದು ಮಡಚಿಡುವಂಥ ರಿಪೋರ್ಟ್ ಇದು. ಇದೇ ಸಂಖ್ಯೆಗಳನ್ನು, ಲಿವರಿನಲ್ಲಿ ಗಾಯದ ಕಲೆ ಎಷ್ಟಿರಬಹುದು ಅಂತ ಅಂದಾಜು ಮಾಡುವ ಫಿಬ್-4 ಅನ್ನುವ ಸೂತ್ರಕ್ಕೆ ಹಾಕೋಣ.

[ಪರದೆ: ವಯಸ್ಸು × ಎಸ್‌ಜಿಒಟಿ ÷ (ಪ್ಲೇಟ್‌ಲೆಟ್ × ಎಸ್‌ಜಿಪಿಟಿಯ ವರ್ಗಮೂಲ)]

52ನ್ನು 68ರಿಂದ ಗುಣಿಸಿದರೆ 3536. 49ರ ವರ್ಗಮೂಲ 7. ಪ್ಲೇಟ್‌ಲೆಟ್ಟನ್ನು ಇಲ್ಲಿ ಸಾವಿರದ ಲೆಕ್ಕದಲ್ಲಿ ಹಾಕಬೇಕು, ಅಂದರೆ 140. 140 ಗುಣಿಸು 7, 980. ಭಾಗಿಸಿದರೆ ಉತ್ತರ 3.6. ಫ್ಯಾಟಿ ಲಿವರ್ ಇರುವವರಲ್ಲಿ 1.3ಕ್ಕಿಂತ ಕಡಿಮೆ ಬಂದರೆ ಲಿವರ್ ಹೆಚ್ಚು ಗಡಸಾಗಿರುವ ಸಾಧ್ಯತೆ ಕಮ್ಮಿ. 2.67 ದಾಟಿದರೆ ಗಂಭೀರ ಫೈಬ್ರೋಸಿಸ್, ಅಂದರೆ ಲಿವರಿನಲ್ಲಿ ಗಾಯದ ಕಲೆ, ಇರಬಹುದು, ಲಿವರ್ ತಜ್ಞರು ನೋಡಲೇಬೇಕು. ನಡುವೆ ಇದ್ದರೆ ಇನ್ನೊಂದು ಪರೀಕ್ಷೆ ಬೇಕು. ನಮ್ಮ ಉದಾಹರಣೆಯ ವ್ಯಕ್ತಿ 3.6ರಲ್ಲಿದ್ದಾರೆ. ಬರೀ ಪಥ್ಯ ಹೇಳಿ ಕಳಿಸುವ ಹಂತ ಇದಲ್ಲ.

ನಾಲ್ಕು ಸಂಖ್ಯೆಯಿಂದ ಇಷ್ಟು ಗೊತ್ತಾಗುವುದು ಹೇಗೆ? ಲಿವರಿನಲ್ಲಿ ಗಾಯದ ಕಲೆ ಕಟ್ಟುತ್ತಾ ಹೋದಂತೆ ಅದರೊಳಗೆ ರಕ್ತ ಸರಾಗವಾಗಿ ಹರಿಯುವುದಿಲ್ಲ. ಹಿಂದಕ್ಕೆ ಒತ್ತಡ ಬಿದ್ದು ಗುಲ್ಮ (ಸ್ಪ್ಲೀನ್) ಊದಿಕೊಳ್ಳುತ್ತದೆ, ಪ್ಲೇಟ್‌ಲೆಟ್ಟುಗಳು ಅಲ್ಲೇ ಸಿಕ್ಕಿಬೀಳುತ್ತವೆ. ಪ್ಲೇಟ್‌ಲೆಟ್ ತಯಾರಾಗಲು ಬೇಕಾದ ಹಾರ್ಮೋನನ್ನು ಕೂಡ ಮುಖ್ಯವಾಗಿ ಲಿವರೇ ಮಾಡುವುದು, ಅದೂ ಇಳಿಯುತ್ತದೆ. ಜೊತೆಗೆ ಎಸ್‌ಜಿಪಿಟಿಗೆ ಹೋಲಿಸಿದರೆ ಎಸ್‌ಜಿಒಟಿ ಮೇಲೇರುತ್ತದೆ. ಈ ಮೂರೂ ಬದಲಾವಣೆ ಸೂತ್ರದಲ್ಲಿ ಅಡಗಿವೆ. 2006ರಲ್ಲಿ ಇದನ್ನು ರೂಪಿಸಿದ್ದು ಎಚ್‌ಐವಿ ಮತ್ತು ಹೆಪಟೈಟಿಸ್ ಸಿ ಎರಡೂ ಇದ್ದ ರೋಗಿಗಳಿಗಾಗಿ. ಆಗಿನ ಗಡಿಗಳು 1.45 ಮತ್ತು 3.25. ಹಳೇ ಆ್ಯಪುಗಳಲ್ಲಿ ಇನ್ನೂ ಅವೇ ಗಡಿಗಳಿದ್ದರೆ ಆಶ್ಚರ್ಯ ಬೇಡ. ಯಾವ ಕಾಯಿಲೆಗೆ ಯಾವ ಗಡಿ ಅಂತ ಆ್ಯಪ್ ಹೇಳದಿದ್ದರೆ ಅದನ್ನು ನಂಬಬೇಡಿ.

[ಪರದೆ: ಪ್ಲೇಟ್‌ಲೆಟ್ ಕಾಲಂ. 140 / 1.4 / 1,40,000]

ಈಗ ಎಡವುವ ಜಾಗ. ನಮ್ಮ ಲ್ಯಾಬುಗಳು ಪ್ಲೇಟ್‌ಲೆಟ್ಟನ್ನು ಲಕ್ಷದಲ್ಲಿ ಬರೆಯುತ್ತವೆ. ಡೇಟಾ ಎಂಟ್ರಿ ಮಾಡುವವರು ಕಂಡದ್ದನ್ನು ಕಂಡಂತೆ 1.4 ಅಂತ ಹಾಕಿದರೆ ಉತ್ತರ ಸುಮಾರು 360 ಬರುತ್ತದೆ. ಇದು ಅಸಾಧ್ಯದ ಸಂಖ್ಯೆ, ಯಾರಾದರೂ ಗಮನಿಸಿಯಾರು. ಆದರೆ 1,40,000 ಅಂತ ಪೂರ್ತಿ ಹಾಕಿದರೆ? ಉತ್ತರ 0.0036. ಪರದೆಯ ಮೇಲೆ ಹಸಿರು ಬಣ್ಣದಲ್ಲಿ ‘ಅಪಾಯ ಕಡಿಮೆ’ ಅಂತ ಬರುತ್ತದೆ, ರೋಗಿ ಮನೆಗೆ ಹೋಗುತ್ತಾರೆ. ಈ ತಪ್ಪು ತಾನಾಗಿ ಬಯಲಾಗುವುದಿಲ್ಲ, ಅದಕ್ಕೇ ಇದು ಹೆಚ್ಚು ಅಪಾಯ. ಸಾಫ್ಟ್‌ವೇರ್ ಬರೆಯುವವರು ಪ್ಲೇಟ್‌ಲೆಟ್ 5ಕ್ಕಿಂತ ಕಡಿಮೆ ಅಥವಾ 1500ಕ್ಕಿಂತ ಹೆಚ್ಚು ಬಂದರೆ ಲೆಕ್ಕ ಮಾಡದೆ ನಿಲ್ಲಿಸಿ, ‘ಯಾವ ಅಳತೆಯಲ್ಲಿ ಬರೆದಿದ್ದೀರಿ?’ ಅಂತ ಕೇಳಬೇಕು. ಹಾಗೆಯೇ ಒಟ್ಟು ಬಿಲಿರುಬಿನ್ನಿನ ಒಂದು ಭಾಗವಾದ ಡೈರೆಕ್ಟ್ ಬಿಲಿರುಬಿನ್ ಟೋಟಲ್‌ಗಿಂತ ಹೆಚ್ಚಾಗಿರಲು ಸಾಧ್ಯವಿಲ್ಲ. ಹಾಗೆ ಟೈಪಾಗಿದ್ದರೆ ಎರಡು ಕಾಲಂ ಅದಲು ಬದಲಾಗಿರಬಹುದು, ಇಲ್ಲವೇ ಸಂಖ್ಯೆ ತಪ್ಪಾಗಿರಬಹುದು.

ಎರಡನೆಯದು ವಯಸ್ಸು. ಎಸ್‌ಜಿಒಟಿ 40, ಎಸ್‌ಜಿಪಿಟಿ 36, ಪ್ಲೇಟ್‌ಲೆಟ್ ಎರಡು ಲಕ್ಷ. 30ರ ಯುವಕನಿಗೆ ಇದರ ಉತ್ತರ 1.0, 70ರ ಅಜ್ಜಿಗೆ 2.33. ರಕ್ತ ಒಂದೇ ಥರ, ತೀರ್ಪು ಬೇರೆ. ಆದ್ದರಿಂದ 65 ದಾಟಿದವರಿಗೆ ಕೆಳಗಿನ ಗಡಿಯನ್ನು 2.0ಕ್ಕೆ ಏರಿಸುತ್ತಾರೆ. 35ರ ಒಳಗಿನವರಲ್ಲಿ ಈ ಸೂತ್ರವನ್ನು ನೆಚ್ಚಿಕೊಳ್ಳುವಂತಿಲ್ಲ.

ಮೂರನೆಯದು ನಮ್ಮ ಮಳೆಗಾಲ. ಡೆಂಗಿಯಲ್ಲಿ ಪ್ಲೇಟ್‌ಲೆಟ್ ಕುಸಿಯುತ್ತದೆ, ಎಸ್‌ಜಿಒಟಿ ಏರುತ್ತದೆ. 40 ವರ್ಷ, ಎಸ್‌ಜಿಒಟಿ 180, ಎಸ್‌ಜಿಪಿಟಿ 100, ಪ್ಲೇಟ್‌ಲೆಟ್ 60 ಸಾವಿರ ಅಂದುಕೊಳ್ಳಿ: ಉತ್ತರ 12! ಸೂತ್ರ ಇದನ್ನು ಸಿರೋಸಿಸ್, ಅಂದರೆ ಲಿವರ್ ತುಂಬಾ ಕಲೆ ಕಟ್ಟಿ ಗಡಸಾದ ಸ್ಥಿತಿ, ಅಂದುಕೊಳ್ಳುತ್ತದೆ, ಲಿವರಿನಲ್ಲಿ ಒಂದು ಕಲೆಯೂ ಇಲ್ಲದಿರಬಹುದು. ಮಲೆನಾಡಿನ ಮಂಗನ ಕಾಯಿಲೆಯಲ್ಲೂ ಇದೇ ಕಥೆ. ಲೆಕ್ಕ ಹಾಕುವ ಮೊದಲು ‘ಈಚೆಗೆ ಜ್ವರ ಬಂದಿತ್ತೇ?’ ಅನ್ನುವ ಪ್ರಶ್ನೆ ಪರದೆಯ ಮೇಲೆ ಬರಲೇಬೇಕು. ಬಂದಿದ್ದರೆ ಪೂರ್ತಿ ಚೇತರಿಸಿಕೊಂಡ ಮೇಲೆ ರಕ್ತ ಪರೀಕ್ಷೆ ಮತ್ತೆ ಮಾಡಿಸಿ.

[ಪರದೆ: 583 ಚುಕ್ಕೆಗಳು. 416 ಕೆಂಪು, 167 ಬೂದು]

ಇಲ್ಲಿಯವರೆಗೆ ನೋಡಿದ್ದು ಕಣ್ಣಿಗೆ ಕಾಣುವ ಸೂತ್ರ. ಹಳೇ ರೋಗಿಗಳ ದಾಖಲೆಗಳಿಂದ ಕಂಪ್ಯೂಟರ್ ತಾನೇ ಲೆಕ್ಕ ಕಲಿಯುವ ಮೆಷಿನ್ ಲರ್ನಿಂಗ್ ವಿಷಯ ಬೇರೆ; ಹಾಗೆ ಕಲಿತ ಪ್ರೋಗ್ರಾಮನ್ನು ಮಾಡೆಲ್ ಅನ್ನುತ್ತಾರೆ. ಎಂಜಿನಿಯರಿಂಗ್ ಪ್ರಾಜೆಕ್ಟುಗಳಿಗೆ ಹೆಚ್ಚು ಜನ ತೆಗೆದುಕೊಳ್ಳುವ ಲಿವರ್ ದತ್ತಾಂಶ ಆಂಧ್ರಪ್ರದೇಶದ ಈಶಾನ್ಯ ಭಾಗದಿಂದ ಬಂದದ್ದು; 2012ರಿಂದ ಅಂತರ್ಜಾಲದಲ್ಲಿ ಮುಕ್ತವಾಗಿದೆ. 583 ದಾಖಲೆ, ಅದರಲ್ಲಿ 416 ಲಿವರ್ ರೋಗಿಗಳು. ಏನೂ ಕಲಿಯದೆ ಎಲ್ಲರಿಗೂ ‘ಕಾಯಿಲೆ ಇದೆ’ ಅನ್ನುವ ಪ್ರೋಗ್ರಾಂ ಬರೆದರೂ ಶೇ. 71 ಸರಿ ಬರುತ್ತದೆ. ನಿಮ್ಮ ಮಾಡೆಲ್ ಶೇ. 73 ತಲುಪಿತು ಅಂದರೆ ಗಳಿಸಿದ್ದು ಎರಡೇ ಅಂಕ. ಇದರಲ್ಲಿ ಒಂದೇ ಥರದ ಸಾಲುಗಳು ಎರಡೆರಡು ಸಲ ಬಂದಿವೆ. ಒಂದು ಪ್ರತಿ ಕಲಿಕೆಗೆ, ಇನ್ನೊಂದು ಪರೀಕ್ಷೆಗೆ ಹೋದರೆ ಮಾಡೆಲ್ ಉತ್ತರ ನೋಡಿಕೊಂಡೇ ಬರೆದಂತಾಗುತ್ತದೆ. ಮೊದಲು ಅವನ್ನು ತೆಗೆಯಿರಿ. ರಕ್ತದ ಎರಡು ಪ್ರೋಟೀನುಗಳಾದ ಅಲ್ಬುಮಿನ್–ಗ್ಲಾಬ್ಯುಲಿನ್ ಅನುಪಾತದ ಕಾಲಂನಲ್ಲಿ ನಾಲ್ಕು ಮನೆ ಖಾಲಿ ಇವೆ, ಅಲ್ಲಿ ಸೊನ್ನೆ ತುಂಬಬೇಡಿ.

ಇನ್ನೂ ದೊಡ್ಡ ತೊಂದರೆ ಇದೆ. ಗಂಡಸರು 441, ಹೆಂಗಸರು 142. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಸಂಶೋಧಕರು 2022ರಲ್ಲಿ ಇದೇ ದತ್ತಾಂಶದ ಮೇಲೆ ಮಾಡೆಲ್‌ಗಳನ್ನು ಕಟ್ಟಿ ನೋಡಿದಾಗ, ಕಾಯಿಲೆ ಇದ್ದೂ ಇಲ್ಲ ಅನ್ನಿಸಿಕೊಂಡವರ ಪ್ರಮಾಣ ಹೆಂಗಸರಲ್ಲಿ ಜಾಸ್ತಿ ಇತ್ತು. ಒಟ್ಟು ಸರಾಸರಿ ನೋಡಿದರೆ ಇದು ಕಾಣುವುದೇ ಇಲ್ಲ. ಗಂಡು, ಹೆಣ್ಣು ಬೇರೆ ಬೇರೆ ಮಾಡಿ ‘ಎಷ್ಟು ರೋಗಿಗಳು ತಪ್ಪಿಹೋದರು’ ಅಂತ ಎಣಿಸಬೇಕು. ಇದು ಬರೀ ಕಾಲೇಜು ಪ್ರಾಜೆಕ್ಟಿನ ಸಮಸ್ಯೆ ಅಂದುಕೊಳ್ಳಬೇಡಿ. ಲಿವರ್ ಕಸಿಗೆ ಸರದಿ ನಿರ್ಧರಿಸುವ ಮೆಲ್ಡ್ ಅಂಕದಲ್ಲಿ ಕ್ರಿಯಾಟಿನಿನ್ (ಕಿಡ್ನಿ ಹೇಗಿದೆ ಅಂತ ತೋರಿಸುವ ರಕ್ತದ ಅಳತೆ) ಇದೆ. ಹೆಂಗಸರಲ್ಲಿ ಸ್ನಾಯು ಕಡಿಮೆ ಇರುವುದರಿಂದ ಅದು ಕಡಿಮೆ ಬರುತ್ತದೆ, ಸರದಿಯಲ್ಲಿ ಅವರು ಹಿಂದೆ ಬೀಳುತ್ತಿದ್ದರು. ಅಮೆರಿಕ 2023ರಲ್ಲಿ ಜಾರಿಗೆ ತಂದ ಮೆಲ್ಡ್ 3.0ರಲ್ಲಿ ಹೆಂಗಸರಿಗೆ 1.33 ಅಂಕ ಸೇರಿಸಿ ಇದನ್ನು ಸರಿಪಡಿಸಲು ಹೊರಟರು.

[ಪರದೆ: ಸಾವಿರ ಜನ, ಎರಡು ಚಿತ್ರ]

ದೊಡ್ಡಾಸ್ಪತ್ರೆಯ ಮಾಡೆಲ್ಲನ್ನು ಹಳ್ಳಿಯ ಆರೋಗ್ಯ ಶಿಬಿರಕ್ಕೆ ತಂದರೆ ಏನಾಗುತ್ತೆ? ಕಾಯಿಲೆ ಇರುವ 100ರಲ್ಲಿ 80 ಜನರನ್ನು ಹಿಡಿಯುವ, ಇಲ್ಲದ 100ರಲ್ಲಿ 80 ಜನರನ್ನು ಸರಿಯಾಗಿ ಬಿಡುವ ಮಾಡೆಲ್ ಅಂದುಕೊಳ್ಳಿ. ಸಾವಿರದಲ್ಲಿ 710 ರೋಗಿಗಳಿರುವ ಕಡೆ ಅದು ‘ಇದೆ’ ಅಂದ 626 ಜನರಲ್ಲಿ 568 ಮಂದಿಗೆ ನಿಜಕ್ಕೂ ಇರುತ್ತದೆ. ಶಿಬಿರದಲ್ಲಿ ಸಾವಿರಕ್ಕೆ 50 ರೋಗಿಗಳಿದ್ದರೆ? ‘ಇದೆ’ ಅನ್ನಿಸಿಕೊಂಡವರು 230, ನಿಜವಾದ ರೋಗಿಗಳು 40. ಉಳಿದ 190 ಜನ ಸುಮ್ಮನೆ ಹೆದರಿ, ಕೂಲಿ ಬಿಟ್ಟು ಜಿಲ್ಲಾಸ್ಪತ್ರೆಗೆ ಅಲೆಯಬೇಕು. ಮಾಡೆಲ್ ಕೆಟ್ಟಿಲ್ಲ, ಅದನ್ನಿಟ್ಟ ಜಾಗ ಬದಲಾಯಿತು.

ತಾಲ್ಲೂಕು ಮಟ್ಟದಲ್ಲಿ ನಮ್ಮ ಆಯ್ಕೆ ಫಿಬ್-4ರಂಥ ಸೂತ್ರವೇ. ಅನುಮಾನ ಬಂದರೆ ವೈದ್ಯರು ಕಾಗದದ ಮೇಲೆ ಮತ್ತೆ ಲೆಕ್ಕ ಹಾಕಿ ನೋಡಬಹುದು.

[ಪರದೆ: ಫೈಬ್ರೋಸ್ಕ್ಯಾನ್ ಪ್ರೋಬ್, ಪಕ್ಕೆಲುಬಿನ ನಡುವೆ]

ಫಿಬ್-4 ಅಂಕ 1.3 (65 ದಾಟಿದವರಲ್ಲಿ 2.0) ದಾಟಿದವರಿಗೆ ಮುಂದಿನ ಹೆಜ್ಜೆ ಸಾಮಾನ್ಯವಾಗಿ ಫೈಬ್ರೋಸ್ಕ್ಯಾನ್, ಅಂದರೆ ಲಿವರ್ ಎಷ್ಟು ಗಡಸಾಗಿದೆ ಅಂತ ಹೊರಗಿನಿಂದಲೇ ಅಳೆಯುವ ಯಂತ್ರ. ಕನಿಷ್ಠ ಮೂರು ಗಂಟೆ ಏನೂ ತಿಂದಿರಬಾರದು. ಊಟವಾದ ಮೇಲೆ ಲಿವರಿಗೆ ರಕ್ತ ಹೆಚ್ಚು ಹರಿದು ಗಡಸುತನ ಜಾಸ್ತಿ ತೋರಿಸುತ್ತದೆ. ಸರಿಯಾದ ಹತ್ತು ಅಳತೆ ತೆಗೆದುಕೊಳ್ಳಬೇಕು. ಫ್ಯಾಟಿ ಲಿವರ್ ಇರುವವರಲ್ಲಿ ಗಡಸುತನ 8 ಕಿಲೋಪ್ಯಾಸ್ಕಲ್‌ಗಿಂತ ಕಡಿಮೆ ಇದ್ದರೆ ಸದ್ಯಕ್ಕೆ ಚಿಂತೆ ಕಮ್ಮಿ, 12 ದಾಟಿದರೆ ತಜ್ಞರ ಬಳಿ ತಡಮಾಡದೆ ಹೋಗಿ. ಎಸ್‌ಜಿಪಿಟಿ ತುಂಬಾ ಏರಿರುವಾಗ ಈ ಯಂತ್ರವೂ ಹೆಚ್ಚು ತೋರಿಸುತ್ತದೆ. ಹಾಗಾಗಿ ಸ್ಕ್ಯಾನಿಗೆ ಹೋಗುವಾಗ ಇತ್ತೀಚಿನ ಎಲ್‌ಎಫ್‌ಟಿ (ಲಿವರ್ ರಕ್ತ ಪರೀಕ್ಷೆ) ಮತ್ತು ಸಿಬಿಸಿ (ರಕ್ತಕಣಗಳ ಎಣಿಕೆ) ರಿಪೋರ್ಟು ಎರಡನ್ನೂ ಜೊತೆಗೆ ಒಯ್ಯಿರಿ.