ಬಟ್ಟೆಯ ಒಳಮೈ

ಎಲ್ಲರಿಗೂ ನಮಸ್ಕಾರ.

ನನ್ನ ಕೈಯಲ್ಲಿರುವುದು ಒಂದು ಕುರ್ತಾ. ಕುಮಾರಕೃಪಾ ರಸ್ತೆಯ ಚಿತ್ರಕಲಾ ಪರಿಷತ್ತಿನಲ್ಲಿ ಈಚೆಗೆ ನಡೆದ ಬಟ್ಟೆ ಪ್ರದರ್ಶನದಲ್ಲಿ ತಗೊಂಡಿದ್ದು. ಕಂದುಗೆಂಪು ಬಣ್ಣ. ಕಸೂತಿ ಇಲ್ಲ, ಜರಿ ಇಲ್ಲ. ದೂರದಿಂದ ನೋಡಿದರೆ ಇದರಲ್ಲಿ ಏನಿದೆ ಅನ್ನಿಸಬಹುದು. ಇದನ್ನು ಮಾಡಿದ ಹುಡುಗಿಯ ಬಗ್ಗೆ, ಅವಳಂಥ ಇನ್ನೂ ಕೆಲವರ ಬಗ್ಗೆ ಹೇಳೋಣ ಅಂತ ಬಂದಿದ್ದೇನೆ.

ಆ ಪ್ರದರ್ಶನದಲ್ಲಿ ಹೆಚ್ಚುಕಡಿಮೆ ಎಲ್ಲ ಮಳಿಗೆಗಳಲ್ಲೂ ಎರಡು ಪದ ಕಾಣುತ್ತಿದ್ದವು. ಎಥಿಕಲ್, ಸಸ್ಟೇನಬಲ್. ನಮ್ಮ ಮಾತಿನಲ್ಲಿ ಹೇಳಿದರೆ, ಮಾಡಿದವರಿಗೆ ಅನ್ಯಾಯ ಆಗದ ಬಟ್ಟೆ, ನೆಲ ನೀರು ಕೆಡಿಸದ ಬಟ್ಟೆ. ಒಳ್ಳೆಯ ಪದಗಳೇ. ಆದರೆ ಬೋರ್ಡನ್ನು ಯಾರು ಬೇಕಾದರೂ ಬರೆಸಬಹುದು ಅಲ್ವಾ? ನಿಜವಾಗಿ ಹಾಗೆ ಕೆಲಸ ಮಾಡುವವರನ್ನು ಗುರುತಿಸುವುದು ಹೇಗೆ? ನನಗೆ ಗೊತ್ತಿರುವ ದಾರಿ ಒಂದೇ. ಬಟ್ಟೆಯನ್ನು ಉಲ್ಟಾ ಮಾಡಿ ನೋಡುವುದು. ಆಮೇಲೆ, ಇದನ್ನು ಹೊಲಿದವರು ಯಾರು, ನೇಯ್ದವರು ಯಾರು ಅಂತ ಕೇಳುವುದು.

ಈ ಅಭ್ಯಾಸ ನನಗೆ ಬಂದಿದ್ದು ಕೆಲಸದಿಂದ. ಹನ್ನೊಂದು ವರ್ಷ ಮೈಸೂರು ರಸ್ತೆಯ ಒಂದು ಗಾರ್ಮೆಂಟ್ಸ್‌ನಲ್ಲಿ ಚೆಕ್ಕಿಂಗ್ ಟೇಬಲ್ ಹತ್ತಿರ ನಿಂತಿದ್ದವಳು ನಾನು. ಷರ್ಟ್ ಬರುತ್ತದೆ, ಉಲ್ಟಾ ಮಾಡುತ್ತೇನೆ. ಹೊಲಿಗೆ ಬಿಟ್ಟಿದೆಯಾ, ದಾರ ನೇತಾಡುತ್ತಿದೆಯಾ, ಎಣ್ಣೆ ಕಲೆ ಬಿದ್ದಿದೆಯಾ. ತಪ್ಪಿದ್ದ ಕಡೆ ಕೆಂಪು ಸ್ಟಿಕ್ಕರ್ ಅಂಟಿಸಿ ಲೈನಿಗೆ, ಅಂದರೆ ಹೊಲಿಯುವವರ ಸಾಲಿಗೆ, ವಾಪಸ್. ಲೈನಿನ ತುದಿಯಲ್ಲಿ ಒಂದು ಬೋರ್ಡ್. ಈ ಗಂಟೆಗೆ ಎಷ್ಟು ಪೀಸ್ ಆಗಬೇಕು, ಎಷ್ಟಾಗಿದೆ ಅಂತ ಅದರ ಮೇಲೆ ಬರೆಯುತ್ತಿದ್ದರು. ವಾಪಸ್ ಹೋದ ಪೀಸನ್ನು ಕೆಲಸದ ಹೊತ್ತು ಮುಗಿದ ಮೇಲೆ ಬಿಚ್ಚಿ ಹೊಲಿಯಬೇಕಿತ್ತು. ಅದಕ್ಕೆ ಓಟಿ ಕೊಡುತ್ತಿರಲಿಲ್ಲ. ಊರಿನ ವ್ಯಾನ್ ಹೊರಡುವ ಹೊತ್ತಾಗಿರುತ್ತಿತ್ತು. ಮನೆಯಲ್ಲಿ ಮಕ್ಕಳು ಕಾಯುತ್ತಿದ್ದವು. ಸ್ಟಿಕ್ಕರ್ ಅಂಟಿಸಿದ ಕೈ ನನ್ನದು. ಅದು ಇವತ್ತಿಗೂ ನನ್ನನ್ನು ಚುಚ್ಚುತ್ತದೆ.

ಹೊರದೇಶದ ಕಂಪನಿಯವರು ತಪಾಸಣೆಗೆ ಬರುವ ದಿನ ಟಾಯ್ಲೆಟ್‌ಗೆ ಸೋಪು ಬರುತ್ತಿತ್ತು. ಕುಡಿಯುವ ನೀರು ತುಂಬಿರುತ್ತಿತ್ತು. ಎಲ್ಲರ ಮೂಗಿಗೂ ಮಾಸ್ಕ್. ಮಾರನೇ ದಿನ ಎಲ್ಲ ಹಳೆಯ ಹಾಗೆ. ಅಲ್ಲಿಂದ ಹೋದ ಷರ್ಟುಗಳ ಮೇಲೂ ಪರಿಸರದ ಬಗ್ಗೆ ಒಳ್ಳೊಳ್ಳೆಯ ಮಾತಿನ ಟ್ಯಾಗ್ ಇರುತ್ತಿತ್ತು. ಹಾಗಾಗಿ ನಾನು ಟ್ಯಾಗನ್ನು ಕೊನೆಯಲ್ಲಿ ಓದುತ್ತೇನೆ.

2013ರ ಏಪ್ರಿಲ್ 24 ನಿಮಗೆ ನೆನಪಿರಬಹುದು. ಢಾಕಾ ಹತ್ತಿರದ ಸಾವರ್‌ನಲ್ಲಿ ರಾಣಾ ಪ್ಲಾಜಾ ಅನ್ನುವ ಕಟ್ಟಡ ಕುಸಿಯಿತು. 1,134 ಜನ ಸತ್ತರು. ಹೆಚ್ಚಿನವರು ನಮ್ಮ ಹಾಗೇ ಬಟ್ಟೆ ಹೊಲಿಯುವವರು. ಹಿಂದಿನ ದಿನವೇ ಗೋಡೆ ಕಂಬಗಳಲ್ಲಿ ಬಿರುಕು ಕಂಡಿತ್ತು. ಅದೇ ಕಟ್ಟಡದಲ್ಲಿದ್ದ ಬ್ಯಾಂಕಿನವರು ಬಾಗಿಲು ಹಾಕಿ ಹೋದರು. ಗಾರ್ಮೆಂಟ್ಸ್‌ನವರಿಗೆ ಮಾತ್ರ ಒಳಗೆ ಬನ್ನಿ ಅಂದರು. ಆ ಸುದ್ದಿ ಬಂದ ದಿನ ನಮ್ಮ ಲೈನಿನಲ್ಲಿ ಯಾರಿಗೂ ಊಟ ಸೇರಲಿಲ್ಲ. ತಲೆ ಎತ್ತಿ ನಮ್ಮ ಛಾವಣಿಯನ್ನು ನೋಡುತ್ತಿದ್ದೆವು. 'ನನ್ನ ಬಟ್ಟೆ ಮಾಡಿದವರು ಯಾರು?' ಅನ್ನುವ ಪ್ರಶ್ನೆ ಜಗತ್ತಿನ ತುಂಬ ಕೇಳಿಬಂದಿದ್ದು ಆ ಸಾವುಗಳಾದ ಮೇಲೆ.

ಬೆಂಗಳೂರಿನಲ್ಲಿ ಕೂತು ನಾವು ಈ ವಿಷಯವನ್ನು ಬೇರೆ ದೇಶದ್ದು ಅಂದುಕೊಳ್ಳುವ ಹಾಗಿಲ್ಲ. 2016ರ ಏಪ್ರಿಲ್ 18 ಮತ್ತು 19. ಪಿಎಫ್ ಹಣದಲ್ಲಿ ಮಾಲೀಕರ ಪಾಲನ್ನು 58 ವರ್ಷ ಆಗುವ ತನಕ ತೆಗೆಯುವ ಹಾಗಿಲ್ಲ ಅಂತ ನಿಯಮ ಬಂದಿತ್ತು. ಹೊಸೂರು ರಸ್ತೆಯಲ್ಲಿ ಗಾರ್ಮೆಂಟ್ಸ್ ಹೆಣ್ಣುಮಕ್ಕಳು ಮಷೀನ್ ಬಿಟ್ಟು ಎದ್ದು ಬಂದರು. ಎರಡೇ ದಿನದಲ್ಲಿ ಕೇಂದ್ರ ಸರ್ಕಾರ ಆ ನಿಯಮವನ್ನು ವಾಪಸ್ ತಗೊಂಡಿತು. ಈ ಊರಿನಲ್ಲಿ ಎಷ್ಟು ಜನ ಹೆಂಗಸರು ಬಟ್ಟೆ ಹೊಲಿಯುತ್ತಾರೆ ಅನ್ನುವುದು ಊರಿನ ಬಹಳ ಜನರಿಗೆ ಗೊತ್ತಾಗಿದ್ದು ಆವತ್ತು, ಟ್ರಾಫಿಕ್ ನಿಂತಾಗ.

ಸರಿ, ಕುರ್ತಾದ ಕಥೆಗೆ ಬರುತ್ತೇನೆ.

ಮಳಿಗೆ ಚಿಕ್ಕದು. ಒಂದು ಹ್ಯಾಂಗರ್ ಸಾಲು, ಒಂದು ಮೇಜು. ಗದಗ ಕಡೆಯ ಹುಡುಗಿ. ಬೆಂಗಳೂರಿನಲ್ಲಿ ಡಿಸೈನ್ ಓದಿ ಇಲ್ಲೇ ನಿಂತಿದ್ದಾಳೆ. ನಾನು ಕುರ್ತಾ ಉಲ್ಟಾ ಮಾಡಿದೆ. ಸಾಮಾನ್ಯವಾಗಿ ಅಂಗಡಿಯವರಿಗೆ ಮುಜುಗರ ಆಗುತ್ತದೆ. ಇವಳು, "ಒಳಗ ಚೆಂದ ನೋಡ್ರಿ ಅಕ್ಕಾರ" ಅಂದಳು. ನೋಡಿದೆ. ಅಂಚಿಗೆ ಮಷೀನಿನಲ್ಲಿ ದಾರ ಸುತ್ತಿ, ಅಂದರೆ ಓವರ್‌ಲಾಕ್ ಹೊಡೆದು, ಹಾಗೇ ಬಿಟ್ಟಿರಲಿಲ್ಲ. ಬಟ್ಟೆಯ ಅಂಚನ್ನು ಒಳಗೆ ಮಡಚಿ, ಎರಡು ಸಲ ಹೊಲಿಗೆ ಹಾಕಿದ್ದರು. ಒಂದು ಎಳೆಯೂ ಹೊರಗೆ ಕಾಣುತ್ತಿರಲಿಲ್ಲ. ಪಕ್ಕದಲ್ಲಿ ಬಿಚ್ಚಿಕೊಳ್ಳಲು ಒಂದೂವರೆ ಇಂಚು ಮಾರ್ಜಿನ್. ಫ್ಯಾಕ್ಟರಿಯಲ್ಲಿ ಬಟ್ಟೆ ಉಳಿಸುವುದಕ್ಕೆ ಮಾರ್ಜಿನ್ ಅಂದರೆ ನೂಲೆಳೆಯಷ್ಟು ಬಿಡುತ್ತಿದ್ದೆವು.

"ಯಾರಮ್ಮ ಹೊಲಿದಿದ್ದು?" ಅಂತ ಕೇಳಿದೆ. ಅವಳು ಹಿಂದೆ ಕೈ ತೋರಿಸಿದಳು. ಮೇಜಿನ ಹಿಂದೆ ಸ್ಟೂಲ್ ಮೇಲೆ ಒಬ್ಬ ಹೆಂಗಸು ಕೂತು, ಒಂದು ದುಪಟ್ಟಾದ ಅಂಚಿಗೆ ಕೈಹೊಲಿಗೆ ಹಾಕುತ್ತಿದ್ದಳು. ಹೊಲಿಗೆ ಹಿಡಿದ ರೀತಿ ನೋಡಿದ ಕೂಡಲೇ ಗೊತ್ತಾಯಿತು. "ನೀವು ಗಾರ್ಮೆಂಟ್ಸ್‌ನಲ್ಲಿ ಇದ್ರಾ?" ಅಂದೆ. "ಪೀಣ್ಯದಲ್ಲಿ ಆರು ವರ್ಷ ಅಕ್ಕ, ಕಾಲರ್ ಅಟ್ಯಾಚ್" ಅಂದಳು. ಆರು ವರ್ಷ ಬರೀ ಕಾಲರ್. ಒಂದು ಷರ್ಟನ್ನೂ ಪೂರ್ತಿ ಹೊಲಿದಿರಲಿಲ್ಲವಂತೆ. ಈಗ ಕತ್ತರಿಸುವುದರಿಂದ ಗುಂಡಿ ಹಾಕುವ ತನಕ ಅವಳದೇ. ದಿನಕ್ಕೆ ಎಷ್ಟು ಆಗುತ್ತದೆ ಅಂತ ಕೇಳಿದೆ. "ಎರಡು, ಕೆಲವು ದಿನ ಮೂರು. ಇಲ್ಲಿ ಬೋರ್ಡ್ ಇಲ್ಲ ಅಕ್ಕ" ಅಂದಳು.

ನನಗೆ ಆ ಮಳಿಗೆಯಲ್ಲಿ ಇನ್ನೇನನ್ನೂ ಕೇಳಬೇಕು ಅನ್ನಿಸಲಿಲ್ಲ. ಆದರೂ ಕೇಳಿದೆ, ಬಣ್ಣದ ಬಗ್ಗೆ.

ಇದು ಅಡಿಕೆ ಚೊಗರಿನ ಬಣ್ಣ. ಮಲೆನಾಡಿನವರು ಇಲ್ಲಿದ್ದರೆ ನಿಮಗೆ ಹೇಳಬೇಕಾಗಿಲ್ಲ. ಹಸಿ ಅಡಿಕೆ ಸುಲಿದು ಹಂಡೆಯಲ್ಲಿ ಬೇಯಿಸಿದಾಗ ಉಳಿಯುವ ಕೆಂಪು ನೀರು ಚೊಗರು. ಕೈಗೆ ತಾಗಿದರೆ ಬೇಗ ಹೋಗುವುದಿಲ್ಲ. ನೂಲಿನ ಲಡಿಯನ್ನು ಮೊದಲು ಚೆನ್ನಾಗಿ ತೊಳೆದು ಜಿಡ್ಡು ತೆಗೆಯಬೇಕು. ಪಟಿಕದ ನೀರಿನಲ್ಲಿ ನೆನೆಸಬೇಕು, ಬಣ್ಣ ಹಿಡಿಯುವುದು ಅದರಿಂದ. ಆಮೇಲೆ ಬಿಸಿ ಚೊಗರಿನಲ್ಲಿ ಅದ್ದಿ ಆಡಿಸಬೇಕು. ಅದಕ್ಕೆ ತುಕ್ಕು ಕಬ್ಬಿಣ ನೆನೆಸಿದ ನೀರು ಸೇರಿದರೆ ಬಣ್ಣ ಕಪ್ಪಿಗೆ ತಿರುಗುತ್ತದೆ. ಒಂದು ಹಂಡೆಯ ಬಣ್ಣ ಇನ್ನೊಂದು ಹಂಡೆಯಲ್ಲಿ ಪೂರ್ತಿ ಹಾಗೇ ಬರುವುದಿಲ್ಲ. ನನ್ನ ಚೆಕ್ಕಿಂಗ್ ಟೇಬಲ್‌ನಲ್ಲಿ ಅದಕ್ಕೆ ಶೇಡ್ ವ್ಯತ್ಯಾಸ ಅಂತ ಸ್ಟಿಕ್ಕರ್ ಬೀಳುತ್ತಿತ್ತು. ಈ ಹುಡುಗಿ ತೋಳಿನ ಬಣ್ಣ ಒಂದು ಚೂರು ತಿಳಿ ಇದೆ ಅಂತ ತಾನೇ ತೋರಿಸಿ ಮಾರಿದಳು.

ಚೊಗರಿನ ಬಣ್ಣ ಅಂದ ಕೂಡಲೇ ಹೆಗ್ಗೋಡಿನ ಚರಕ ನೆನಪಾಗುತ್ತದೆ. ಸಾಗರ ತಾಲ್ಲೂಕಿನ ಹೆಂಗಸರ ಸಹಕಾರ ಸಂಘ. ನೈಸರ್ಗಿಕ ಬಣ್ಣದ ಕೈಮಗ್ಗದ ಬಟ್ಟೆಯನ್ನು ಬೆಂಗಳೂರಿನವರಿಗೆ ಅಭ್ಯಾಸ ಮಾಡಿಸಿದ್ದರಲ್ಲಿ ಅವರ 'ದೇಸಿ' ಅಂಗಡಿಗಳ ಪಾಲು ದೊಡ್ಡದು. ಅದರ ಹಿಂದೆ ನಿಂತ ರಂಗಕರ್ಮಿ ಪ್ರಸನ್ನ, 2017ರಲ್ಲಿ ಜಿಎಸ್‌ಟಿ ಬಂದಾಗ ಕೈಯಿಂದ ಮಾಡಿದ ವಸ್ತುಗಳಿಗೆ ತೆರಿಗೆ ಬೇಡ ಅಂತ ಇದೇ ಬೆಂಗಳೂರಿನಲ್ಲಿ ಉಪವಾಸ ಕೂತರು. ಇವತ್ತಿನ ಎಷ್ಟೋ ಹೊಸ ಡಿಸೈನರ್‌ಗಳು ಆ ದಾರಿಯಲ್ಲಿ ನಡೆಯುತ್ತಿದ್ದಾರೆ. ಅದಕ್ಕೂ ಹಿಂದೆ, 1960ರಲ್ಲಿ, ಮೇಲುಕೋಟೆಯಲ್ಲಿ ಜನಪದ ಸೇವಾ ಟ್ರಸ್ಟ್ ಶುರುವಾಯಿತು. ಅಲ್ಲಿಯೂ ಖಾದಿ ನೇಯುತ್ತಾರೆ. ಹೊಸ ಪದಗಳು ಬರುವ ಎಷ್ಟೋ ಮೊದಲೇ ಈ ಕೆಲಸ ನಮ್ಮಲ್ಲಿ ನಡೆದಿತ್ತು.

ಇನ್ನೊಂದು ಮಳಿಗೆಯಲ್ಲಿ ಪಟ್ಟೇದ ಅಂಚು ಸೀರೆಗಳಿದ್ದವು. ಗಜೇಂದ್ರಗಡದ ಕಡೆಯ ಸೀರೆ. ಚೌಕಳಿ ಒಡಲು, ಎದ್ದು ಕಾಣುವ ಅಂಚು. ಹೊಲಮನೆ ಕೆಲಸಕ್ಕೆ ತಡೆಯುವ ಗಟ್ಟಿ ನೇಯ್ಗೆ. ಹೆಚ್ಚುಕಡಿಮೆ ಮರೆತೇ ಹೋಗಿದ್ದ ಈ ಸೀರೆಯನ್ನು ಮತ್ತೆ ಮಗ್ಗಕ್ಕೆ ತಂದವರು ಪುನರ್ಜೀವನ ಸಂಸ್ಥೆಯ ಹೇಮಲತಾ ಜೈನ್. ಹೀಗೇ ಉಡುಪಿ ಸೀರೆಗೆ ಕದಿಕೆ ಟ್ರಸ್ಟಿನವರು ಜೀವ ಕೊಟ್ಟರು. ಮಗ್ಗ ನಿಲ್ಲಿಸಿದ್ದ ವಯಸ್ಸಾದ ನೇಕಾರರನ್ನು ಹುಡುಕಿ ಮತ್ತೆ ಕೂರಿಸುವುದು ಸುಲಭದ ಕೆಲಸ ಅಲ್ಲ. 2019-20ರ ಕೈಮಗ್ಗ ಗಣತಿಯ ಪ್ರಕಾರ ದೇಶದಲ್ಲಿ ನೇಕಾರರು ಮತ್ತು ಅವರ ಜೊತೆ ಕೆಲಸ ಮಾಡುವವರು ಸೇರಿ 35 ಲಕ್ಷಕ್ಕೂ ಜಾಸ್ತಿ ಜನ. ಅದರಲ್ಲಿ ಹೆಂಗಸರೇ ಹೆಚ್ಚು. ಆದರೂ ಸೀರೆಯ ಚೀಟಿಯ ಮೇಲೆ ಡಿಸೈನರ್ ಹೆಸರು ಇರುತ್ತದೆ, ನೇಯ್ದವರ ಹೆಸರು ಇರುವುದು ಅಪರೂಪ. ನನಗೆ ಅದು ಸರಿ ಕಾಣುವುದಿಲ್ಲ. ಆ ಮಳಿಗೆಯಲ್ಲಿ ಎರಡು ಹೆಸರೂ ಇದ್ದವು.

ಹತ್ತಿಯ ವಿಷಯ ಬೇಗ ಹೇಳಿಬಿಡುತ್ತೇನೆ. ಉತ್ತರ ಕರ್ನಾಟಕದಲ್ಲಿ ಜಯಧರ್ ಅಂತ ಒಂದು ನಾಟಿ ಹತ್ತಿ ಇದೆ. ಮಳೆ ನೀರಿಗೇ ಬರುತ್ತದೆ. ಎಳೆ ಗಿಡ್ಡ, ಕೈನೂಲಿಗೆ ಒಗ್ಗುತ್ತದೆ. 2002ರಲ್ಲಿ ಬಿಟಿ ಹತ್ತಿ, ಅಂದರೆ ಕುಲಾಂತರಿ ಹತ್ತಿ, ಬಂದ ಮೇಲೆ ಇಂಥವನ್ನು ಬೆಳೆಯುವವರು ಕಡಿಮೆಯಾದರು. ಯಾವ ಹತ್ತಿ ಅಂತ ಕೇಳಿದಾಗ ಉತ್ತರ ಹೇಳಬಲ್ಲ ಡಿಸೈನರ್ ಸಿಕ್ಕರೆ, ಅವರು ಹೊಲದ ತನಕ ಹೋಗಿ ಬಂದಿದ್ದಾರೆ ಅಂತ ಅರ್ಥ. ನನಗೆ ಅಲ್ಲಿ ಒಬ್ಬರೇ ಸಿಕ್ಕರು.

ಎಲ್ಲರೂ ಹೀಗಿರಲಿಲ್ಲ. ಒಂದು ಮಳಿಗೆಯಲ್ಲಿ 'ಬಿದಿರಿನ ಬಟ್ಟೆ, ಪೂರ್ತಿ ನೈಸರ್ಗಿಕ' ಅಂತ ಬರೆದಿತ್ತು. ಮುಟ್ಟಿದರೆ ಬೆಣ್ಣೆಯ ಹಾಗೆ ಮೃದು. ಆದರೆ ಬಿದಿರು ಹಾಗೇ ನೂಲಾಗಿ ಇಷ್ಟು ನುಣುಪು ಬರುವುದಿಲ್ಲ. ಬಹುತೇಕ ಬಿದಿರಿನ ಬಟ್ಟೆ ಅಂದರೆ ವಿಸ್ಕೋಸ್. ಬಿದಿರಿನ ತಿರುಳನ್ನು ರಾಸಾಯನಿಕದಲ್ಲಿ ಕರಗಿಸಿ ಎಳೆ ತೆಗೆಯುತ್ತಾರೆ. ಅದರಲ್ಲಿ ಬಳಸುವ ಕಾರ್ಬನ್ ಡೈಸಲ್ಫೈಡ್ ಕೆಲಸಗಾರರ ನರಗಳಿಗೆ ಕೆಟ್ಟದ್ದು. ಇದನ್ನು ಕೇಳಿದಾಗ ಮಳಿಗೆಯವರು ಮಾತು ಬದಲಿಸಿದರು. ಇನ್ನೊಂದು ಕಡೆ ಕೈಮಗ್ಗ ಅಂತ ಕೊಡುತ್ತಿದ್ದರು. ಯಾವ ಊರಿನ ಮಗ್ಗ ಅಂದರೆ, "ಸೌತ್ ಸೈಡ್ ಮೇಡಂ" ಅಂದರು. ಊರಿನ ಹೆಸರು ಹೇಳಲಾಗದವರ ಹತ್ತಿರ ಕೈಮಗ್ಗ ಅಂತ ನಂಬಿ ದುಡ್ಡು ಕೊಡಬೇಡಿ. ಹತ್ತಿಯೋ ಪಾಲಿಯೆಸ್ಟರೋ ಅನುಮಾನ ಬಂದರೆ ಮನೆಗೆ ಬಂದು ಒಂದು ಎಳೆ ಸುಟ್ಟು ನೋಡಿ. ಹತ್ತಿ ಸುಟ್ಟರೆ ಕಾಗದ ಸುಟ್ಟ ವಾಸನೆ, ಮೆತ್ತನೆ ಬೂದಿ. ಪಾಲಿಯೆಸ್ಟರ್ ಕರಗಿ ಗಟ್ಟಿ ಗುಂಡಾಗುತ್ತದೆ.

ಮೂಲೆಯಲ್ಲಿ ಇಬ್ಬರು ಹುಡುಗರ ಮಳಿಗೆ ಇತ್ತು. ಅವರು ಹೊಸ ಬಟ್ಟೆಯನ್ನೇ ಕೊಳ್ಳುವುದಿಲ್ಲ. ಗಾರ್ಮೆಂಟ್ಸ್ ಕಟಿಂಗ್ ಟೇಬಲ್‌ನಲ್ಲಿ ಉಳಿದ ತುಂಡುಗಳನ್ನು ತೂಕದ ಲೆಕ್ಕದಲ್ಲಿ ತಂದು, ಜೋಡಿಸಿ ಜಾಕೆಟ್ ಮಾಡುತ್ತಾರೆ. ಆ ತುಂಡುಗಳನ್ನು ನಾನು ಮೂಟೆಗಟ್ಟಲೆ ನೋಡಿದ್ದೇನೆ. ಜಾಕೆಟ್ ಕೈಗೆ ತಗೊಂಡಾಗ ಮನಸ್ಸು ತುಂಬಿ ಬಂತು. ಮೇಲಿನ ಹೊಲಿಗೆ ನಮ್ಮ ಕೌದಿಯ ಹೊಲಿಗೆ. ಹುಬ್ಬಳ್ಳಿ, ಧಾರವಾಡದ ಕಡೆ ಅಜ್ಜಿಯರು ಹಳೆ ಸೀರೆಗಳನ್ನು ಒಂದರ ಮೇಲೊಂದು ಇಟ್ಟು ಹಾಕುವ ಅದೇ ಉದ್ದುದ್ದ ಎಳೆ. ಯಾರಿಂದ ಕಲಿತಿರಿ ಅಂದೆ. "ನಮ್ಮ ಅಮ್ಮ ವಾರಕ್ಕೊಮ್ಮೆ ಬಂದು ಹೇಳಿಕೊಡ್ತಾರೆ" ಅಂದ ಒಬ್ಬ. ಕೌದಿ ಹಾಕುವವರಿಗೆ ಚದರ ಅಡಿ ಲೆಕ್ಕದಲ್ಲಿ ಕೂಲಿ ಕೊಡುತ್ತಾರೆ. ಲೆಕ್ಕದ ಪುಸ್ತಕವನ್ನು ಕೇಳದೆಯೇ ಬಿಚ್ಚಿ ತೋರಿಸಿದರು.

ಬೆಲೆಯ ಮಾತು ಬಿಟ್ಟು ಹೋಗುವ ಹಾಗಿಲ್ಲ. ಈ ಕುರ್ತಾಗೆ 2,400 ರೂಪಾಯಿ. ಇದೇ ಬೆಲೆಗೆ ಮಾಲಿನಲ್ಲಿ ಮೂರು ಬರುತ್ತವೆ. ನಿಜ. ಇನ್ನೂ ಒಂದು ನಿಜ ಇದೆ. ಬಟ್ಟೆ ಹೊಲಿಯುವ ಬಹಳ ಹೆಂಗಸರಿಗೆ ಇದನ್ನು ಕೊಳ್ಳುವ ಶಕ್ತಿ ಇಲ್ಲ. ನನಗೂ ಆಗ ಇರಲಿಲ್ಲ. ಅವರು ಅಗ್ಗದ ಬಟ್ಟೆ ಕೊಂಡರೆ ಅವರನ್ನು ತಪ್ಪು ಹೇಳುವ ಹಕ್ಕು ಯಾರಿಗೂ ಇಲ್ಲ. ನಾನು ಕೇಳಿಕೊಳ್ಳುವುದು ಕೈಯಲ್ಲಿ ಸ್ವಲ್ಪ ದುಡ್ಡಿರುವವರನ್ನು. ಹಬ್ಬಕ್ಕೆ ನಾಲ್ಕು ಕೊಳ್ಳುವ ಕಡೆ ಒಂದು ಕೊಳ್ಳಿ. ಚೌಕಾಸಿ ಮಾಡುವ ಮೊದಲು, ಇದರಲ್ಲಿ ಹೊಲಿದವರಿಗೆ ಎಷ್ಟು, ನೇಯ್ದವರಿಗೆ ಎಷ್ಟು ಅಂತ ಕೇಳಿ. ನಾನು ಕೇಳಿದಾಗ ಗದಗದ ಹುಡುಗಿ ಬಿಲ್ ಪುಸ್ತಕದ ಹಿಂದೆ ಪೆನ್ಸಿಲ್‌ನಲ್ಲಿ ಬರೆದು ತೋರಿಸಿದಳು. ನೂಲು, ಬಣ್ಣ, ನೇಯ್ಗೆ, ಹೊಲಿಗೆ, ಮಳಿಗೆಯ ಬಾಡಿಗೆ. ಅವಳಿಗೆ ಉಳಿಯುವುದು ಹೊಲಿಗೆಯ ಕೂಲಿಗಿಂತ ಕಡಿಮೆ ಇತ್ತು. "ಇನ್ನೊಂದ್ ವರ್ಷ ನೋಡ್ತೀನ್ರಿ" ಅಂದಳು. ಇಂಥವರು ಮಳಿಗೆ ಮುಚ್ಚಿದರೆ ಆ ಸ್ಟೂಲ್ ಮೇಲೆ ಕೂತಿದ್ದ ಹೆಂಗಸು ಮತ್ತೆ ಕಾಲರ್ ಲೈನಿಗೆ ಹೋಗುತ್ತಾಳೆ. ಅದಕ್ಕೇ ನನಗೆ ಇಷ್ಟು ತಳಮಳ.

ಕುರ್ತಾವನ್ನು ಈಗ ಮುಂದಿನ ಸಾಲಿನಿಂದ ಕಳಿಸುತ್ತೇನೆ. ಹಿಂದಿನ ಸಾಲಿನ ತನಕ ಹೋಗಲಿ. ಎಡಪಕ್ಕದ ಹೊಲಿಗೆ ಒಳಗೆ ಬೆರಳಿಟ್ಟು ನೋಡಿ, ಆ ಒಂದೂವರೆ ಇಂಚು ಸಿಗುತ್ತದೆ. ಇದನ್ನು ನಾನು ನನ್ನ ಮಗಳಿಗೆ ತಗೊಂಡಿದ್ದು. ಅವಳಿಗೆ ಈಗ ಹದಿಮೂರು. ಬರುವ ವರ್ಷ ಎರಡೂ ಪಕ್ಕ ಅರ್ಧರ್ಧ ಇಂಚು ಬಿಚ್ಚಬೇಕು. ಅದಕ್ಕೆ ಬೇಕಾದ ಚೊಗರು ಬಣ್ಣದ ದಾರವನ್ನು ಆ ಹೆಂಗಸು ಒಂದು ಕಾಗದಕ್ಕೆ ಸುತ್ತಿ ಕುರ್ತಾದ ಜೇಬಿನಲ್ಲೇ ಇಟ್ಟು ಕೊಟ್ಟಿದ್ದಾಳೆ. ಬೀಳದ ಹಾಗೆ ನೋಡಿಕೊಳ್ಳಿ.