ನಜ್ರಾನಿನಿಂದ ಬಂದ ಅತಿಥಿಗಳು

ಹಿರಿಯರೇ, ಪಾಸ್ಟರ್ ಅವರೇ, ಅಕ್ಕ-ತಂಗಿಯರೇ, ಅಸ್ಸಲಾಮು ಅಲೈಕುಮ್, ನಮಸ್ಕಾರ.

ನಮ್ಮ ಬೀದರಿನಲ್ಲಿ ರಂಜಾನ್ ಹಬ್ಬಕ್ಕೆ ಶೀರ್ ಕುರ್ಮಾದ ಡಬ್ಬಿ ಪಕ್ಕದ ಕ್ರೈಸ್ತರ ಮನೆಗೆ ಹೋಗುತ್ತದೆ. ಕ್ರಿಸ್‌ಮಸ್‌ಗೆ ಅದೇ ಡಬ್ಬಿಯಲ್ಲಿ ಕೇಕ್ ಬರುತ್ತದೆ. ಬಹಳ ಚಂದ. ಆದರೆ ಇಷ್ಟು ವರ್ಷಗಳಲ್ಲಿ "ಯೇಸು ನಿಮಗೆ ಯಾರು?" ಅಂತ ನಾನು ಅವರನ್ನು ಕೇಳಿಲ್ಲ, ಅವರೂ ನನ್ನನ್ನು ಕೇಳಿಲ್ಲ. ಕೇಳಿದರೆ ಎಲ್ಲಿ ಮಾತು ಕೆಡುತ್ತದೋ, ಡಬ್ಬಿ ನಿಂತುಹೋಗುತ್ತದೋ ಎಂಬ ಅಳುಕು. ನಾವು ಸೌಹಾರ್ದ ಅನ್ನುವುದರಲ್ಲಿ ಅರ್ಧ ಈ ಅಳುಕೇ ಇದೆ ಅಂತ ನನ್ನ ಅನಿಸಿಕೆ.

ಪ್ರವಾದಿಯವರ ಮಸೀದಿಯಲ್ಲಿ ಈ ಅಳುಕು ಇರಲಿಲ್ಲ. ಕ್ರಿ.ಶ. 631ರ ಸುಮಾರಿಗೆ ಯಮನ್ ಕಡೆಯ ನಜ್ರಾನಿನಿಂದ ಕ್ರೈಸ್ತರ ನಿಯೋಗವೊಂದು ಮದೀನಾಕ್ಕೆ ಬಂತು. ಸುಮಾರು 60 ಮಂದಿ, ಜೊತೆಗೆ ಅವರ ಬಿಷಪ್ ಅಂತ ಪ್ರವಾದಿಯವರ ಜೀವನಚರಿತ್ರೆ ಬರೆದ ಇಬ್ನ್ ಇಸ್‌ಹಾಕ್ ಬರೆಯುತ್ತಾನೆ. ಅವರ ಪ್ರಾರ್ಥನೆಯ ಹೊತ್ತಾಯಿತು. ಮಸೀದಿಯೊಳಗೇ ಎದ್ದು ನಿಂತರು. ಪ್ರವಾದಿಯವರು "ಬಿಡಿ, ಮಾಡಲಿ" ಎಂದರು. ಅವರು ಪೂರ್ವಕ್ಕೆ ಮುಖಮಾಡಿ ಪ್ರಾರ್ಥಿಸಿದರು. ಆಮೇಲೆ ಮಾತು ಈಸಾ, ಅಂದರೆ ಯೇಸು, ಅವರ ಕಡೆ ಹೊರಳಿತು. ದೇವರ ಮಗ ಅಂತ ಅವರು, ತಂದೆಯಿಲ್ಲದೆ ಹುಟ್ಟಿದ ಪ್ರವಾದಿ ಅಂತ ಇವರು. ಸುಳ್ಳು ಹೇಳಿದವರ ಮೇಲೆ ದೇವರ ಶಾಪ ಬರಲಿ ಅಂತ ಬೇಡಿಕೊಳ್ಳೋಣ ಎನ್ನುವ ತನಕ ಹೋಯಿತು. ಯಾರೂ ಯಾರನ್ನೂ ಒಪ್ಪಿಸಲಿಲ್ಲ. ಕೊನೆಗೆ ಅವರು ಕಪ್ಪಕ್ಕೆ ಒಪ್ಪಿ, ತಮ್ಮ ಚರ್ಚುಗಳಿಗೆ ರಕ್ಷಣೆಯ ಮಾತು ಪಡೆದು ಊರಿಗೆ ಹೋದರು. ಕಪ್ಪದ ವಿಷಯ ಬಿಟ್ಟು ಬರೀ ಪ್ರಾರ್ಥನೆಯ ಕಥೆ ಹೇಳುವವರಿದ್ದಾರೆ. ನಾನು ಎರಡನ್ನೂ ಹೇಳುತ್ತೇನೆ. ಅದು ಸಮಬಲದವರ ಸಭೆ ಆಗಿರಲಿಲ್ಲ, ಆದರೂ ಭಿನ್ನಮತಕ್ಕೆ ಮಸೀದಿಯಲ್ಲೇ ಜಾಗವಿತ್ತು.

ಕುರ್‌ಆನಿನಲ್ಲಿ ಹೆಸರಿಟ್ಟು ಕರೆದ ಹೆಂಗಸು ಒಬ್ಬರೇ, ಯೇಸುವಿನ ತಾಯಿ ಮರ್ಯಮ್. 19ನೇ ಅಧ್ಯಾಯಕ್ಕೆ ಅವರದೇ ಹೆಸರು. ಮಕ್ಕಾದಲ್ಲಿ ಕಿರುಕುಳ ತಾಳದೆ ಅಬಿಸೀನಿಯಾಕ್ಕೆ (ಇಂದಿನ ಇಥಿಯೋಪಿಯಾ ಕಡೆಗೆ) ಹೋದ ಮುಸ್ಲಿಮರ ಪರವಾಗಿ ಪ್ರವಾದಿಯವರ ಸೋದರಸಂಬಂಧಿ ಜಾಫರ್ ಅಲ್ಲಿಯ ಕ್ರೈಸ್ತ ರಾಜನ ಮುಂದೆ ಓದಿದ್ದೂ ಇದೇ ಅಧ್ಯಾಯವನ್ನು. ರಾಜ ಅತ್ತನಂತೆ.

ಈಗ ಕಷ್ಟದ ಜಾಗಕ್ಕೆ ಬರೋಣ. "ಯಹೂದಿ, ಕ್ರೈಸ್ತರನ್ನು ಅವ್‌ಲಿಯಾ ಮಾಡಿಕೊಳ್ಳಬೇಡಿ" ಅಂತ ಕುರ್‌ಆನಿನ 5ನೇ ಅಧ್ಯಾಯದ 51ನೇ ವಾಕ್ಯದಲ್ಲಿದೆ. ಅವ್‌ಲಿಯಾ ಅಂದರೆ ಪೋಷಕರು, ಪಕ್ಷದವರು ಎಂಬ ಅರ್ಥವೂ ಇದೆ. ವಾಟ್ಸ್ಯಾಪಿನಲ್ಲಿ ಇದನ್ನು "ಗೆಳೆಯರು" ಅಂತ ಅನುವಾದಿಸಿ ಕಳಿಸುತ್ತಾರೆ, ನಮ್ಮವರೂ ಕಳಿಸುತ್ತಾರೆ, ನಮ್ಮನ್ನು ದೂಷಿಸುವವರೂ ಕಳಿಸುತ್ತಾರೆ. ಅದೇ ಅಧ್ಯಾಯದ 5ನೇ ವಾಕ್ಯ ಗ್ರಂಥದವರ, ಅಂದರೆ ಯಹೂದಿ-ಕ್ರೈಸ್ತರ, ಊಟ ನಮಗೆ ಹಲಾಲ್, ಅವರ ಹೆಣ್ಣುಮಕ್ಕಳನ್ನು ಮದುವೆಯಾಗಬಹುದು ಅನ್ನುತ್ತದೆ. ಹೆಂಡತಿಯ ಜೊತೆ ಗೆಳೆತನ ಬೇಡ ಅನ್ನುವ ಧರ್ಮ ಯಾವುದಪ್ಪ? ಯುದ್ಧಕಾಲದ ರಾಜಕೀಯ ಪಕ್ಷಪಾತವನ್ನು ಕುರಿತ ಮಾತು ಅದು ಅಂತ ಹಲವು ವಿದ್ವಾಂಸರು ಓದುತ್ತಾರೆ, ನಾನೂ ಹಾಗೇ ಓದುತ್ತೇನೆ. ಒಪ್ಪದ ಮೌಲ್ವಿಗಳಿದ್ದಾರೆ, ಅದನ್ನು ಮುಚ್ಚಿಡುವುದಿಲ್ಲ.

ಯಹೂದಿಗಳ ವಿಷಯ ಇನ್ನೂ ಸೂಕ್ಷ್ಮ. ನಮ್ಮ ಓಣಿಯಲ್ಲಿ ಯಹೂದಿ ಮನೆಯಿಲ್ಲ, ಡಬ್ಬಿ ಕಳಿಸೋಣ ಅಂದರೂ ಯಾರಿಗೆ? ಅವರು ನಮಗೆ ಟಿವಿ ಸುದ್ದಿಯಲ್ಲಷ್ಟೇ ಗೊತ್ತು. 622ರ ಮದೀನಾ ಒಪ್ಪಂದ "ಯಹೂದಿಗಳಿಗೆ ಅವರ ಧರ್ಮ, ಮುಸ್ಲಿಮರಿಗೆ ಅವರದು" ಅಂದಿತ್ತು. ಮುಂದೆ ಕೆಲವೇ ವರ್ಷಗಳಲ್ಲಿ ಅಲ್ಲಿಯ ಯಹೂದಿ ಕುಲಗಳೊಂದಿಗೆ ಯುದ್ಧವೇ ಆಯಿತು, ಅದೂ ಇತಿಹಾಸ. ಆದರೆ ಪ್ರವಾದಿಯವರ ನಡೆ-ನುಡಿಗಳ ಸಂಗ್ರಹವಾದ ಬುಖಾರಿಯಲ್ಲಿ ಒಂದು ಹದೀಸ್, ಅಂದರೆ ಅಂಥದೊಂದು ವರದಿ, ಇದೆ. ಶವಯಾತ್ರೆಯೊಂದು ಹೋಗುತ್ತಿತ್ತು, ಪ್ರವಾದಿಯವರು ಎದ್ದು ನಿಂತರು. "ಅದು ಯಹೂದಿಯ ಶವ" ಅಂದರು ಜೊತೆಗಿದ್ದವರು. "ಅದೂ ಒಂದು ಜೀವವಲ್ಲವೇ?" ಅಂದರು ಅವರು. ಗಾಜಾ ಸುದ್ದಿ ನೋಡಿ ಹೊಟ್ಟೆ ಉರಿಯುವ ದಿನಗಳಲ್ಲಿ ನನಗೆ ಈ ಹದೀಸ್ ಓದುವುದು ಸುಲಭವಲ್ಲ. ಆ ದಿನಗಳಲ್ಲೇ ಓದುತ್ತೇನೆ.

2006ರಲ್ಲಿ ರೇಗೆನ್ಸ್‌ಬರ್ಗಿನಲ್ಲಿ ಪೋಪ್ ಬೆನೆಡಿಕ್ಟ್ ಇಸ್ಲಾಂ ಕುರಿತು ಆಡಿದ ಮಾತಿಗೆ ಎಷ್ಟೋ ದೇಶಗಳಲ್ಲಿ ಜನ ಬೀದಿಗಿಳಿದರು. ಮರುವರ್ಷ ಅಕ್ಟೋಬರ್ 13ರಂದು 138 ಮುಸ್ಲಿಂ ವಿದ್ವಾಂಸರು ಪೋಪ್‌ಗೂ ಇತರ ಕ್ರೈಸ್ತ ಮುಖಂಡರಿಗೂ ಬಹಿರಂಗ ಪತ್ರ ಬರೆದರು. "ನಮಗೂ ನಿಮಗೂ ಸಮಾನವಾದ ಒಂದು ಮಾತಿಗೆ ಬನ್ನಿ" ಎಂಬ ಕುರ್‌ಆನಿನ 3:64ರಿಂದಲೇ ಅದಕ್ಕೆ ಹೆಸರು. ದೇವರನ್ನು ಪ್ರೀತಿಸು, ನೆರೆಯವನನ್ನು ಪ್ರೀತಿಸು ಎಂಬ ಎರಡು ಆಜ್ಞೆಗಳ ಮೇಲೆ ಪತ್ರ ನಿಂತಿದೆ. ಪತ್ರ ದೊಡ್ಡವರದು. ನೆರೆಯವನು ಯಾರು ಅಂತ ಹುಡುಕಲು ನಾವು ರೋಮ್‌ಗೆ ಹೋಗಬೇಕಿಲ್ಲ.

ಇನ್ನು ಪ್ರಶ್ನೆ ಕೇಳಿ. ಪಾಸ್ಟರ್ ಅವರು ಆಗಿನಿಂದ ಚೀಟಿಯಲ್ಲಿ ಏನೋ ಬರೆದುಕೊಳ್ಳುತ್ತಿದ್ದಾರೆ, ಮೊದಲು ಅವರೇ ಕೇಳಲಿ.