ನೇಗಿಲು ಮುಟ್ಟದ ಪಟ್ಟಿಯಲ್ಲಿ ಸಿಕ್ಕವರು
ನಮಸ್ಕಾರ. ಎಡಕ್ಕೆ ಕಾಣುತ್ತಿರುವುದು ಉತ್ತ ನೆಲ, ಬಲಕ್ಕೆ ಇರುವುದು ಕೂಳೆಯನ್ನು, ಅಂದರೆ ಕೊಯ್ಲಿನ ನಂತರ ಉಳಿದ ಬುಡದ ಕಡ್ಡಿಗಳನ್ನು, ಹಾಗೆಯೇ ಉಳಿಸಿದ ನೆಲದ ಪಟ್ಟಿ. ರಾತ್ರಿ ಓಡಾಡುವ ಕೀಟಗಳು ಬೀಳಲೆಂದು ಎರಡೂ ಕಡೆ ಲೋಟಗಳನ್ನು ಹೂತಿದ್ದೇನೆ.

ಈ ಲೋಟಗಳಿಂದ ನನ್ನ ಎರಡು ರಾತ್ರಿಯ ಕೆಲಸ ಹಾಳಾಯಿತು. ಉತ್ತ ಕಡೆ ಏನೂ ಸಿಗದಿದ್ದಾಗ, ನೇಗಿಲು ಎಲ್ಲವನ್ನೂ ಕೊಂದಿದೆ ಎಂದು ಕ್ಯಾಮೆರಾದ ಮುಂದೆ ಖಚಿತವಾಗಿ ಹೇಳಿಬಿಟ್ಟಿದ್ದೆ. ಆಮೇಲೆ ಮಂಡಿಯೂರಿ ನೋಡಿದರೆ, ಸಡಿಲ ಮಣ್ಣು ಕುಸಿದು ಲೋಟದ ಅಂಚು ನೆಲಕ್ಕಿಂತ ಒಂದು ಬೆರಳಿನಷ್ಟು ಮೇಲೆ ನಿಂತಿತ್ತು. ಅಲ್ಲಿಗೆ ಬಂದ ಜೀರುಂಡೆ ಅಂಚಿಗೆ ತಾಗಿ ಪಕ್ಕಕ್ಕೆ ಸರಿದು ಹೋಗುತ್ತದೆಯೇ ಹೊರತು ಒಳಗೆ ಬೀಳುವುದಿಲ್ಲ. ಆ ಮಾತನ್ನು ಹಿಂತೆಗೆದುಕೊಂಡು, ಅಂಚನ್ನು ಮಣ್ಣಿಗೆ ಸಮ ಮಾಡಿ ಮತ್ತೆ ಇಟ್ಟೆ. ಅಷ್ಟಾದರೂ ಲೋಟ ತಿಳಿಸುವುದು ಕೀಟಗಳ ಓಡಾಟವನ್ನು ಮಾತ್ರ, ಅವುಗಳ ನಿಜವಾದ ಸಂಖ್ಯೆಯನ್ನಲ್ಲ ಎಂಬುದನ್ನು ದಯವಿಟ್ಟು ನೆನಪಿಡಿ.

ಇದು ಕೂಳೆಯ ಕಡೆಯ ಲೋಟ. ಈ ತೋಳ ಜೇಡದ ಹಿಂಬದಿಗೆ ಅಂಟಿರುವ ದುಂಡನೆಯ ಬಿಳಿ ಗಂಟು ಅದರ ಮೊಟ್ಟೆಗಳ ಚೀಲ. ಬಲೆ ಹೆಣೆಯದೆ ನೆಲದ ಮೇಲೆ ಓಡಿಯೇ ಬೇಟೆಯಾಡುವ ಈ ಜೇಡಕ್ಕೂ, ಪಕ್ಕದಲ್ಲಿರುವ ಕಪ್ಪು ನೆಲಜೀರುಂಡೆಗೂ ಹಗಲಿನಲ್ಲಿ ಅಡಗಲು ಒಣಹುಲ್ಲಿನ ಮರೆ ಬೇಕು. ನೇಗಿಲು ಆ ಮರೆಯನ್ನು ಮಣ್ಣಿನಡಿ ಹೂಳುವುದಲ್ಲದೆ, ಮಣ್ಣಿನಲ್ಲೇ ಬೆಳೆಯುವ ಜೀರುಂಡೆಯ ಮರಿಹುಳುಗಳನ್ನೂ ಕೊಲ್ಲುತ್ತದೆ. ಹಾಗಾಗಿ ಉಳುಮೆಯೇ ಬೇಡ ಎಂದು ನಿನ್ನೆಯವರೆಗೂ ಹೇಳುತ್ತಿದ್ದೆ.

ಇಂದು ಬೆಳಿಗ್ಗೆ ಈ ಹೆಂಟೆ ಒಡೆದಾಗ ಅಭಿಪ್ರಾಯ ಬದಲಾಯಿತು. ಕಂದು ಬಣ್ಣದಲ್ಲಿ ಹೊಳೆಯುತ್ತಿರುವುದು ಬೆಳೆಯ ಕಾಯಿ ಕೊರೆದು ತಿನ್ನುವ ಕಾಯಿಕೊರಕ ಹುಳುವಿನ ಕೋಶ, ಅಂದರೆ ಹುಳು ಪತಂಗವಾಗುವ ಮುನ್ನಿನ ಹಂತ. ಮುಟ್ಟಿದರೆ ಬಾಲದ ತುದಿ ಹೊರಳುತ್ತದೆ. ಕೋಶವಾಗುವ ಮೊದಲೇ ಹುಳು, ಮುಂದೆ ಪತಂಗವಾಗಿ ಹೊರಬರಲು ಮಣ್ಣಿನಲ್ಲಿ ದಾರಿ ಕೊರೆದಿಟ್ಟಿರುತ್ತದೆ. ಉಳುಮೆಯಿಂದ ಆ ದಾರಿ ಕುಸಿದರೆ ಪತಂಗ ಒಳಗೇ ಸಾಯುತ್ತದೆ, ಮೇಲೆ ಬಿದ್ದ ಕೋಶವನ್ನು ಹಕ್ಕಿಗಳು ಹೆಕ್ಕುತ್ತವೆ. ಆಸ್ಟ್ರೇಲಿಯಾದ ಹತ್ತಿ ಬೆಳೆಗಾರರು ಕೊಯ್ಲಿನ ನಂತರ 10 ಸೆಂ.ಮೀ. ಆಳಕ್ಕೆ ಮಣ್ಣು ಕದಡುವುದು ಇದಕ್ಕಾಗಿಯೇ. ಕೀಟನಾಶಕಕ್ಕೆ ಜಗ್ಗದ ಪೀಳಿಗೆ ಮುಂದಿನ ಬೆಳೆಗೆ ದಾಟಬಾರದು ಎಂಬುದು ಅವರ ಉದ್ದೇಶ. ಇಂಥ ಉಳುಮೆಯನ್ನು ನಾನು ಪೂರ್ಣವಾಗಿ ಒಪ್ಪುತ್ತೇನೆ.

ಉಳದೇ ಬಿಟ್ಟ ನೆಲಕ್ಕೂ ತನ್ನದೇ ಸಂಕಟವಿದೆ. ತೇವದ ಹೊದಿಕೆಯಡಿ ಚಿಪ್ಪಿಲ್ಲದ ಬಸವನಹುಳುಗಳು ಹೆಚ್ಚುತ್ತವೆ. ನೆಲಜೀರುಂಡೆಗಳು ಅವನ್ನು ತಿನ್ನುತ್ತವೆ ನಿಜ, ಆದರೆ ಕೀಟನಾಶಕ ಲೇಪಿಸಿದ ಬೀಜದ ಸಸಿಯನ್ನು ತಿಂದ ಬಸವನಹುಳು ಬದುಕಿಯೇ ಇರುತ್ತದೆ, ಅದನ್ನು ತಿಂದ ಜೀರುಂಡೆ ನರಳುತ್ತದೆ ಅಥವಾ ಸಾಯುತ್ತದೆ. ಇದು ನನಗೆ ಬಹಳ ನೋವು ಕೊಡುವ ಸಂಗತಿ.

ಬೆಳಕು ಇಳಿಯುತ್ತಿದೆ, ಬೇಗ ಹೇಳಿಬಿಡುತ್ತೇನೆ. ಇಂಗ್ಲೆಂಡಿನಲ್ಲಿ ಹೊಲದ ನಡುವೆ ಸುಮಾರು 40 ಸೆಂ.ಮೀ. ಎತ್ತರ, 2 ಮೀಟರ್ ಅಗಲದ ಹುಲ್ಲಿನ ದಿಬ್ಬವನ್ನು ಜೀರುಂಡೆಗಳಿಗೆಂದೇ ಬಿಡುತ್ತಾರೆ. ನಾನೂ ಕೋಶವಿರುವ ಭಾಗವನ್ನಷ್ಟೇ ಹೆಚ್ಚು ಆಳವಿಲ್ಲದೆ ಉತ್ತು, ಬದುವನ್ನೂ ಈ ಪಟ್ಟಿಯನ್ನೂ ಮುಟ್ಟದೆ ಬಿಡುತ್ತೇನೆ. ಮೊದಲು ಈ ಜೇಡವನ್ನು ಹುಲ್ಲಿಗೆ ಬಿಟ್ಟು ಬರಬೇಕು.